ಯೋಗ ಮತ್ತು ಕ್ಷೇಮ: ಹೆಣ್ಣುಮಕ್ಕಳ ವಸತಿಶಾಲೆಗಳ ಚರಿತ್ರೆಯ ಕೆಲವು ಪುಟಗಳು

ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಬರುವ, ಕ್ರಿ.ಶ. 941ರಲ್ಲಿ ಪಂಪನಿಂದ ಕನ್ನಡಕ್ಕೂ ಬಂದ ಒಂದು ಪ್ರಸಂಗ ಸಾಹಿತ್ಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ವೃಷಭದೇವನು ತನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಉಪದೇಶಿಸುತ್ತಾನೆ. ಜಿನಸೇನರ ಚಿತ್ರಣದಲ್ಲಿ ಆ ಬಾಲಿಕೆಯರು ಕಲಿಯುವುದು ತಂದೆಯ ತೊಡೆಯ ಮೇಲೆ ಕುಳಿತು. ಈ ಪ್ರಸಂಗವನ್ನು ಲಿಪಿಯ ಉಗಮದ ಪುರಾಣಕಥೆಯೆಂದು ಓದುವುದು ವಾಡಿಕೆ. ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಅಲ್ಲಿ ಕಲಿಯುವ ಜಾಗವೂ ಆಸರೆಯ ಜಾಗವೂ ಬೇರೆಬೇರೆಯಲ್ಲ. ವಿದ್ಯೆಗಾಗಿ ಆ ಹೆಣ್ಣುಮಕ್ಕಳು ಮನೆ ಬಿಡಬೇಕಾಗಲಿಲ್ಲ. ಮುಂದೆ ಅವರು ಮನೆ ಬಿಟ್ಟದ್ದು ದೀಕ್ಷೆ ಪಡೆದು ಆರ್ಯಿಕೆಯರಾದಾಗ.

ಶ್ರವಣಬೆಳಗೊಳದ ಪ್ರಾಚೀನ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಗಂತಿಯರೂ ಗುರುಗಳ ಶಿಷ್ಯೆಯರೂ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಸೂಚಿಸುತ್ತಾರೆ. ಗುರುವಿನ ಬಳಿ, ಸಹಧರ್ಮಿಣಿಯರ ಸಮುದಾಯದಲ್ಲಿ ಬದುಕಲು ಹೆಣ್ಣಿಗೆ ಅವಕಾಶವಿತ್ತು. ಆದರೆ ಅದು ಲೋಕವನ್ನು ತೊರೆದವಳಿಗೆ ದೊರೆತ ಅವಕಾಶ. ಕೆಲವು ವರ್ಷ ಹೊರಗಿದ್ದು, ಕಲಿತು, ಮತ್ತೆ ಲೋಕಕ್ಕೆ ಮರಳುವ ಹುಡುಗಿಗೆ ಪರಂಪರೆಯಲ್ಲಿ ಸಿದ್ಧವಾದ ಜಾಗವಿರಲಿಲ್ಲ. ಗುರುಕುಲವಾಸದ ಕಲ್ಪನೆ ಬಹುಮಟ್ಟಿಗೆ ಗಂಡುಮಕ್ಕಳದು. ಹೆಣ್ಣುಮಕ್ಕಳ ವಸತಿಶಾಲೆ ಈ ನಾಡಿನಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಅದು ಹುಟ್ಟಿದ್ದು ವಿದ್ಯಾದಾಹದಿಂದ ಎನ್ನುವುದಕ್ಕಿಂತ, ಮನೆಯೆಂಬುದು ಇಲ್ಲವಾದ ಸಂಕಟದಿಂದ ಎನ್ನುವುದೇ ಹೆಚ್ಚು ಸರಿ.

ನಮ್ಮ ಶಾಸ್ತ್ರಕಾರರು ‘ಯೋಗಕ್ಷೇಮ’ ಎಂಬ ಪದವನ್ನು ಬಿಡಿಸಿ ಹೇಳುವುದುಂಟು. ಪಡೆಯದಿರುವುದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಸ್ತ್ರೀಶಿಕ್ಷಣದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಯೋಗದ ಲೆಕ್ಕವನ್ನು ಇಟ್ಟಿದ್ದಾರೆ: ಶಾಲೆಗಳೆಷ್ಟು, ದಾಖಲಾದವರೆಷ್ಟು, ತೇರ್ಗಡೆಯಾದವರೆಷ್ಟು. ಕ್ಷೇಮದ ಲೆಕ್ಕ ಅಷ್ಟಾಗಿ ಉಳಿದಿಲ್ಲ. ಹುಡುಗಿಯರು ಏನು ಉಂಡರು, ಎಲ್ಲಿ ಮಲಗಿದರು, ಕಾಯಿಲೆ ಬಿದ್ದಾಗ ಯಾರು ನೋಡಿಕೊಂಡರು, ರಜೆಗೆ ಹೋದವರು ಮರಳಿ ಬಂದರೇ ಎಂಬ ಪ್ರಶ್ನೆಗಳು ವರದಿಗಳ ಅಂಚಿನಲ್ಲಿಯೇ ಉಳಿದುಬಿಡುತ್ತವೆ. ವಸತಿಶಾಲೆಯ ಚರಿತ್ರೆಯಲ್ಲಾದರೋ ಈ ಅಂಚೇ ಮುಖ್ಯ ಪಠ್ಯ. ಹಗಲುಶಾಲೆ ತಪ್ಪು ಮಾಡಿದರೆ ಸಂಜೆ ಮನೆ ಅದನ್ನು ತಕ್ಕಮಟ್ಟಿಗೆ ತಿದ್ದಬಹುದು. ವಸತಿಶಾಲೆಗೆ ಸಂಜೆಯೂ ತನ್ನದೇ, ರಾತ್ರಿಯೂ ತನ್ನದೇ.

ಬರ ತಂದ ಮಕ್ಕಳು

1876–78ರ ಮಹಾಕ್ಷಾಮವನ್ನು ಹಳೆಯ ಮೈಸೂರಿನ ಜನ ಧಾತು, ಈಶ್ವರ ಸಂವತ್ಸರಗಳ ಬರವೆಂದು ಬಹುಕಾಲ ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರ ಗಣತಿಗೆ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳ ಸಹಜ ಬೆಳವಣಿಗೆಯನ್ನೂ ಸೇರಿಸಿಕೊಂಡರೆ ನಷ್ಟದ ಪ್ರಮಾಣ ಇನ್ನೂ ದೊಡ್ಡದು. ಈ ಅಂಕಿಗಳ ಹಿಂದೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಗಂಜಿ ಕೇಂದ್ರಗಳ ಸುತ್ತ ಉಳಿದ ಮಕ್ಕಳಿದ್ದರು.

ಆ ಮಕ್ಕಳಿಗಾಗಿ ಕ್ರೈಸ್ತ ಮಿಷನ್ನುಗಳು ಅನಾಥಾಲಯಗಳನ್ನು ತೆರೆದವು. ವೆಸ್ಲಿಯನ್ ಮಿಷನ್ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಪ್ರತ್ಯೇಕ ಅನಾಥಾಲಯಗಳನ್ನು ನಡೆಸಿತು. ಬೆಂಗಳೂರಿನ ಉತ್ತರದಲ್ಲಿ ಹೆಸರಘಟ್ಟದ ಕಡೆಗಿರುವ ಶಿಲ್ವೆಪುರ ಕ್ಷಾಮದಲ್ಲಿ ಅನಾಥರಾದವರನ್ನು ನೆಲೆಗೊಳಿಸಿದ ಕ್ಯಾಥೊಲಿಕ್ ಕೃಷಿಗ್ರಾಮ. ಶಿಲುಬೆಯ ಊರು ಎಂಬ ಅದರ ಹೆಸರೇ ಅದರ ಮೂಲವನ್ನು ಹೇಳುತ್ತದೆ. ಇಂದು ಯಲಹಂಕದಿಂದಾಗಲಿ ಯಶವಂತಪುರದಿಂದಾಗಲಿ ಆ ದಿಕ್ಕಿಗೆ ಹೋಗುವವರಿಗೆ ಅದು ನಗರದ ಅಂಚಿನ ಇನ್ನೊಂದು ಊರು ಅಷ್ಟೆ. ಬರಗಾಲದ ಮಕ್ಕಳ ಬದುಕನ್ನು ಮತ್ತೆ ಕಟ್ಟಲು ಮಾಡಿದ ಒಂದು ಪ್ರಯತ್ನದ ಗುರುತು ಅದರ ಹೆಸರಿನಲ್ಲಿ ಉಳಿದಿದೆ ಎಂಬುದನ್ನು ಸ್ಥಳನಾಮಗಳ ಅಭ್ಯಾಸಿಗಳು ಗಮನಿಸಬೇಕು.

ಇಂಥ ಸಂಸ್ಥೆಗಳಲ್ಲಿ ಶಾಲೆ ಎರಡನೆಯದು, ಅನ್ನ ಮೊದಲನೆಯದು. ಹಸಿದು ಬಂದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸುವುದೂ ಅಪಾಯವೇ. ಗಂಜಿಯಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ತರಬೇಕು. ಕಜ್ಜಿ, ಕಣ್ಣುನೋವು, ಜ್ವರ, ಭೇದಿಗಳನ್ನು ದಾಟಿದ ಮೇಲೆ ಅಕ್ಷರದ ಮಾತು. ಅದೇ ಹೊತ್ತಿನಲ್ಲಿ, 1881ರಲ್ಲಿ, ಅಂಬಿಳ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಅದು ಮನೆಯಿದ್ದ ಹೆಣ್ಣುಮಕ್ಕಳ ಶಾಲೆ. ಹಗಲು ಕಲಿತು ಸಂಜೆ ಮನೆ ಸೇರುವವರದು. ಒಂದೇ ಸಂಸ್ಥಾನದಲ್ಲಿ, ಒಂದೇ ದಶಕದ ಆಸುಪಾಸಿನಲ್ಲಿ, ಸ್ತ್ರೀಶಿಕ್ಷಣ ಎರಡು ಬೇರೆ ಬಾಗಿಲುಗಳಿಂದ ಪ್ರವೇಶಿಸಿತು. ಒಂದು ಬಾಗಿಲು ಪ್ರತಿಷ್ಠೆಯ ಮನೆಗಳತ್ತ ತೆರೆದಿತ್ತು. ಇನ್ನೊಂದು ಮನೆಯೇ ಇಲ್ಲದವರತ್ತ. ಮಹಾರಾಣಿ ಶಾಲೆ 1901ರಲ್ಲಿ ಕಾಲೇಜಾಗಿ ಬೆಳೆದ ಕಥೆಯನ್ನು ಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. ಎರಡನೆಯ ಬಾಗಿಲಿನಿಂದ ಬಂದವರ ಹೆಸರುಗಳು ಹೆಚ್ಚಾಗಿ ಅಳಿದುಹೋಗಿವೆ.

ಮಾಳದಿಂದ ಕೇಡಗಾಂವಿಗೆ

ಅದೇ ಬರಗಾಲಗಳ ದಶಕದಲ್ಲಿ ಮನೆ ಕಳೆದುಕೊಂಡ ಒಬ್ಬಳ ಹೆಸರು ಮಾತ್ರ ಉಳಿಯಿತು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಇಂದಿನ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟದ್ದಕ್ಕೆ ತಮ್ಮವರ ವಿರೋಧವನ್ನು ಎದುರಿಸಿ, ಕಾಡಿನ ನಡುವೆ ಆಶ್ರಮ ಕಟ್ಟಿಕೊಂಡು ನೆಲೆಸಿದವರು. ಆಶ್ರಮದ ಆಶ್ರಯ ಬಹುಕಾಲ ಉಳಿಯಲಿಲ್ಲ. ಸಾಲ ಬೆಳೆದು ಕುಟುಂಬ ತೀರ್ಥಯಾತ್ರೆಯ ಹಾದಿ ಹಿಡಿಯಿತು. ತಂದೆ ತಾಯಿಗೆ ಕಲಿಸಿದ್ದನ್ನು ತಾಯಿ ಮಗಳಿಗೆ ದಾರಿಯಲ್ಲಿ ಕಲಿಸಿದಳು. ಬೆಳಗಿನ ಜಾವ ಮಗಳನ್ನು ಎಬ್ಬಿಸಿ, ಮನೆಗೆಲಸ ಆರಂಭವಾಗುವ ಮೊದಲು ಪಾಠ ಹೇಳುತ್ತಿದ್ದ ತಾಯಿಯನ್ನು ರಮಾಬಾಯಿ ಕೊನೆಯವರೆಗೂ ಕೃತಜ್ಞತೆಯಿಂದ ನೆನೆದರು. ಬ್ರಾಹ್ಮಿ ಸುಂದರಿಯರಿಗೆ ತಂದೆಯ ತೊಡೆ ಹೇಗೋ ರಮಾಬಾಯಿಗೆ ತಾಯಿಯ ಮಗ್ಗುಲು ಹಾಗೆ ಪಾಠಶಾಲೆಯಾಯಿತು.

1874ರ ಸುಮಾರಿಗೆ ಮದರಾಸು ಪ್ರಾಂತದಲ್ಲಿ ಅಲೆಯುತ್ತಿದ್ದಾಗ ಹಸಿವೆಯಿಂದ ತಂದೆ, ಹಿಂದೆಯೇ ತಾಯಿ, ಅನಂತರ ಅಕ್ಕ ತೀರಿಕೊಂಡರು. ಉಳಿದ ಅಣ್ಣತಂಗಿಯರು ನಡೆಯುತ್ತ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಮೆಚ್ಚಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಬಿರುದು ಪಡೆದ ಈ ತರುಣಿ ನಾಲ್ಕು ವರ್ಷಗಳ ಹಿಂದೆ ಊಟಕ್ಕಿಲ್ಲದೆ ಹೆತ್ತವರನ್ನು ಕಳೆದುಕೊಂಡವಳು. ಮುಂದೆ ಆಕೆ ಕಟ್ಟಿದ ಸಂಸ್ಥೆಗಳ ಸ್ವರೂಪವನ್ನು ಅರಿಯಬೇಕಾದರೆ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಹಿಡಿಯಬೇಕು.

1889ರ ಮಾರ್ಚ್‌ನಲ್ಲಿ ರಮಾಬಾಯಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು. ಮುಖ್ಯವಾಗಿ ಬಾಲವಿಧವೆಯರಿಗಾಗಿ ಮೀಸಲಾದ ವಸತಿಶಾಲೆಯದು. ಅಲ್ಲಿ ಸೇರಿದ ಮೊದಲ ವಿಧವೆ ಗೋದೂಬಾಯಿ. ಮುಂದಿನ ವರ್ಷ ಸದನ ಪುಣೆಗೆ ಬಂತು. 1893ರಲ್ಲಿ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆ ವಿವಾಹವಾದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಆಶ್ರಮವನ್ನು ಆರಂಭಿಸಿದರು, ಅದು ಮುಂದೆ ಹಿಂಗಣೆಯಲ್ಲಿ ನೆಲೆಯೂರಿತು. ಒಂದು ಸಣ್ಣ ವಸತಿಶಾಲೆಯಲ್ಲಿ ಕ್ಷೇಮವಾಗಿ ಬೆಳೆದ ಒಬ್ಬ ಹುಡುಗಿ ಇನ್ನೊಂದು ದೊಡ್ಡ ಸಂಸ್ಥೆಯ ಒಡನಾಡಿಯಾದಳು ಎಂಬುದನ್ನು ಸ್ತ್ರೀಶಿಕ್ಷಣದ ವಂಶಾವಳಿಯಲ್ಲಿ ಗುರುತಿಸಬೇಕು.

ಶಾರದಾ ಸದನದಲ್ಲಿ ಬಾಲಿಕೆಯರು ತಂತಮ್ಮ ಜಾತಿಯ ಆಚಾರದಂತೆ ಅಡುಗೆ, ಊಟಗಳನ್ನು ನಡೆಸಿಕೊಳ್ಳಲು ಅವಕಾಶವಿತ್ತು. ಆದರೆ ರಮಾಬಾಯಿ ತಾವೇ ಕ್ರೈಸ್ತಮತವನ್ನು ಸ್ವೀಕರಿಸಿದ್ದವರಾದ್ದರಿಂದ, ಅವರ ಪ್ರಾರ್ಥನೆಯ ಹೊತ್ತಿಗೆ ಹುಡುಗಿಯರೂ ಬಂದು ಕೂರುತ್ತಾರೆಂಬ ಸಂಗತಿ ದೊಡ್ಡ ವಿವಾದಕ್ಕೆ ಕಾರಣವಾಯಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಮಂಡಳಿಯಿಂದ ಹಿಂದೆ ಸರಿದರು. ಹಲವು ಪೋಷಕರು ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಈ ಪ್ರಕರಣದಲ್ಲಿ ಯಾರ ಪಕ್ಷ ಸರಿಯೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಪಾಲಕಿಯ ಪ್ರೀತಿಯೇ ಎಳೆಯ ಮನಸ್ಸಿನ ಮೇಲೆ ಒತ್ತಡವಾಗಬಹುದೆಂಬ ಆಕ್ಷೇಪಕ್ಕೆ ಅರ್ಥವಿದೆ. ಹಿಂದಕ್ಕೆ ಕರೆದೊಯ್ಯಲ್ಪಟ್ಟ ವಿಧವೆಯರಿಗೆ ಮನೆಯಲ್ಲಿ ಕಾದಿದ್ದ ಬದುಕು ಎಂಥದೆಂಬ ಪ್ರಶ್ನೆಗೂ ಅಷ್ಟೇ ಅರ್ಥವಿದೆ. ವಸತಿಶಾಲೆಯ ಕ್ಷೇಮವೆಂದರೆ ಅನ್ನ, ಔಷಧಗಳಷ್ಟೇ ಅಲ್ಲ, ಮಗುವಿನ ಅಂತರಂಗದ ಸ್ವಾತಂತ್ರ್ಯವೂ ಅದರೊಳಗೆ ಬರುತ್ತದೆಂಬುದನ್ನು ಈ ವಿವಾದ ಮೊದಲ ಬಾರಿಗೆ ಬಹಿರಂಗ ಚರ್ಚೆಗೆ ತಂದಿತು.

1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಅವರನ್ನು ಇರಿಸಲು ಪುಣೆಯ ಸದನ ಸಾಲದೆ ಕೇಡಗಾಂವಿನ ಹೊಲದಲ್ಲಿ ‘ಮುಕ್ತಿ’ ಎಂಬ ನೆಲೆ ಬೆಳೆಯಿತು. ಪುಣೆಯಲ್ಲಿ ಪ್ಲೇಗ್ ಹಬ್ಬಿದ್ದ ಕಾಲವದು. ಸರ್ಕಾರಿ ಪ್ಲೇಗ್ ಆಸ್ಪತ್ರೆಗೆ ಒಯ್ಯಲ್ಪಟ್ಟ ಹೆಣ್ಣುಮಕ್ಕಳಿಗೆ ಅಲ್ಲಿ ತಕ್ಕ ರಕ್ಷಣೆಯಿಲ್ಲವೆಂದು 1897ರಲ್ಲಿ ಅವರು ಪತ್ರಿಕೆಗೆ ಬರೆದು ಆಡಳಿತದ ಅಸಮಾಧಾನವನ್ನು ಕಟ್ಟಿಕೊಂಡರು. ಮಕ್ಕಳು ತನ್ನ ಅಂಗಳವನ್ನು ದಾಟಿ ಆಸ್ಪತ್ರೆಗೆ ಹೋದ ಮೇಲೂ ಹೊಣೆ ತನ್ನದೇ ಎಂಬ ನಿಲುವು ಆ ಪತ್ರದ ಹಿಂದಿತ್ತು. ಕೊನೆಗಾಲದಲ್ಲಿ ಅವರ ಗಮನ ಮತ್ತೆ ಕನ್ನಡ ನೆಲದತ್ತ ತಿರುಗಿತು: 1912ರ ಸುಮಾರಿಗೆ ಕಲಬುರಗಿಯಲ್ಲಿ ಒಂದು ಶಾಲೆಯನ್ನು ತೆರೆದು, ಮಗಳು ಮನೋರಮಾಬಾಯಿಗೆ ಅದರ ಹೊಣೆಯನ್ನು ವಹಿಸಿದರು. 1921ರಲ್ಲಿ ಮಗಳು, 1922ರ ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡರು.

ಎರಡು ಕಾದಂಬರಿಗಳ ಸಾಕ್ಷ್ಯ

ಕ್ಷೇಮದ ಪ್ರಶ್ನೆಯನ್ನು ಕನ್ನಡ ಸಾಹಿತ್ಯ ಬಹುಬೇಗ ಗುರುತಿಸಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ, ಮಂಗಳೂರಿನಲ್ಲಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆ ಹೆತ್ತವರ ಮನೆಯಲ್ಲಿ ತನಗೆ ಎದುರಾದ ಅಪಾಯದಿಂದ ಪಾರಾಗಿ ಅಮೃತರಾಯನ ಮನೆಯನ್ನು ಸೇರುತ್ತಾಳೆ. ಅಲ್ಲಿ ಆಶ್ರಯ, ವಿದ್ಯೆಗಳನ್ನು ಪಡೆದು ಮರುವಿವಾಹವಾಗುತ್ತಾಳೆ. ಕಾದಂಬರಿಕಾರರು ಈ ಎರಡನ್ನೂ ಬೇರ್ಪಡಿಸಲಿಲ್ಲವೆಂಬುದು ಗಮನಾರ್ಹ. ಇಂದಿರೆಗೆ ಮೊದಲು ಬೇಕಾದದ್ದು ಭಯವಿಲ್ಲದೆ ಮಲಗಬಹುದಾದ ಒಂದು ಕೋಣೆ. ಪುಸ್ತಕ ಅನಂತರದ್ದು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರ ಕೃತಿ. ಅದು ಚಿತ್ರಿಸುವ ಬದುಕಾದರೋ ಹತ್ತೊಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಬಾಲವಿಧವೆಯಾದ ಫಣಿಯಮ್ಮ ಮನೆ ಬಿಡುವುದಿಲ್ಲ. ಬಿಟ್ಟು ಹೋಗಲು ಆಕೆಗೆ ಜಾಗವೂ ಇಲ್ಲ. ಊಟಕ್ಕೂ ನೆರಳಿಗೂ ಕೊರತೆಯಿಲ್ಲದ ತುಂಬಿದ ಮನೆಯಲ್ಲಿ, ಎಲ್ಲರಿಗೂ ಬೇಕಾದವಳಾಗಿ, ತನಗಾಗಿ ಏನನ್ನೂ ಪಡೆಯದೆ ಆಕೆ ಬಾಳುತ್ತಾಳೆ. ಇಂದಿರೆಗೆ ಮನೆ ಬಿಟ್ಟಾಗ ದೊರೆತದ್ದು ಫಣಿಯಮ್ಮನಿಗೆ ಮನೆಯಲ್ಲಿದ್ದೂ ದೊರೆಯಲಿಲ್ಲ. ಯೋಗವಿಲ್ಲದ ಕ್ಷೇಮ ಎಂಥದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಮರ್ಥವಾದ ನಿದರ್ಶನ ಸಿಗುವುದು ಕಷ್ಟ. ಹೆಣ್ಣುಮಕ್ಕಳ ವಸತಿಶಾಲೆಯ ಅಗತ್ಯವನ್ನು ಚರ್ಚಿಸುವವರು ಈ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಪ್ರಯೋಜನಕರ.

ಮದುವೆಯ ಗಡಿಯಾರ

ಬರ ಮತ್ತು ವೈಧವ್ಯಗಳ ಜೊತೆಗೆ ಮೂರನೆಯ ಕಾರಣವೊಂದು ಈ ಚರಿತ್ರೆಯುದ್ದಕ್ಕೂ ಕೆಲಸ ಮಾಡಿದೆ. ಅದು ಬಾಲ್ಯವಿವಾಹ. ಮೈಸೂರು ಸಂಸ್ಥಾನ 1894ರಲ್ಲಿಯೇ ಎಂಟು ವರ್ಷದೊಳಗಿನ ಬಾಲಕಿಯರ ಮದುವೆಯನ್ನೂ, ಹದಿನಾಲ್ಕರೊಳಗಿನ ಬಾಲಕಿಯನ್ನು ಐವತ್ತು ಮೀರಿದ ಗಂಡಸಿಗೆ ಕೊಡುವುದನ್ನೂ ನಿಷೇಧಿಸಿತು. ಎಂಟೆಂಬ ಆ ಮಿತಿಯೇ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಶಾರದಾ ಕಾಯಿದೆಯೆಂದು ಪ್ರಸಿದ್ಧವಾದ 1929ರ ಶಾಸನ ಬ್ರಿಟಿಷ್ ಭಾರತದಲ್ಲಿ ಹೆಣ್ಣಿನ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಇಂದಿನ ಮಿತಿ ಹದಿನೆಂಟು. ಆದರೂ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಹಳ್ಳಿಯ ಶಾಲೆ ಏಳನೆಯ ತರಗತಿಗೆ ಮುಗಿದು ಪ್ರೌಢಶಾಲೆ ದೂರದ ಊರಿನಲ್ಲಿದ್ದರೆ, ಹುಡುಗಿಗೆ ದೊರೆಯುವ ಮುಂದಿನ ನೆಲೆ ಬಹಳ ಸಲ ಗಂಡನ ಮನೆಯೇ ಆಗುತ್ತದೆ.

ಈ ಗಡಿಯಾರವನ್ನು ನಿಲ್ಲಿಸುವ ಉಪಾಯವಾಗಿ ವಸತಿಶಾಲೆಯನ್ನು ಕಂಡ ಪ್ರಯತ್ನಗಳಲ್ಲಿ ‘ಮಹಿಳಾ ಸಮಖ್ಯಾ’ ಮುಖ್ಯವಾದುದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ 1989ರಲ್ಲಿ ಆರಂಭವಾದ ಈ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಬಿಜಾಪುರ, ಬೀದರ, ಮೈಸೂರು ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಹಳ್ಳಿಯ ಬಡ ಹೆಂಗಸರ ಸಂಘಗಳು ಅದರ ಬುನಾದಿ. ತಾವು ಕಲಿಯಲಾಗದ್ದನ್ನು ತಮ್ಮ ಹೆಣ್ಣುಮಕ್ಕಳಾದರೂ ಕಲಿಯಲೆಂಬ ಆ ತಾಯಂದಿರ ಒತ್ತಾಸೆಯಿಂದ ‘ಮಹಿಳಾ ಶಿಕ್ಷಣ ಕೇಂದ್ರ’ಗಳು ರೂಪುಗೊಂಡವು. ಶಾಲೆಯನ್ನೇ ಕಾಣದ, ಇಲ್ಲವೇ ನಡುವೆ ಬಿಟ್ಟ ಕಿಶೋರಿಯರು ಅಲ್ಲಿ ಒಟ್ಟಿಗೆ ಇದ್ದು ಕಲಿಯುತ್ತಿದ್ದರು. ಸಂಖ್ಯೆ ಸಾಮಾನ್ಯವಾಗಿ ಮೂವತ್ತರ ಆಸುಪಾಸು. ಓದು, ಬರಹ, ಲೆಕ್ಕಗಳ ಜೊತೆಗೆ ದೇಹದ ಅರಿವು, ಕಾನೂನಿನ ತಿಳಿವಳಿಕೆ, ಸಭೆಯಲ್ಲಿ ಮಾತಾಡುವ ಧೈರ್ಯ ಅಲ್ಲಿನ ಪಾಠಗಳಾಗಿದ್ದವು.

2004ರಲ್ಲಿ ಕೇಂದ್ರ ಸರ್ಕಾರ ‘ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ’ ಯೋಜನೆಯನ್ನು ಆರಂಭಿಸಿತು. ಗ್ರಾಮೀಣ ಸ್ತ್ರೀ ಸಾಕ್ಷರತೆ 2001ರ ರಾಷ್ಟ್ರೀಯ ಸರಾಸರಿಯಾದ ಶೇ. 46.13ಕ್ಕಿಂತ ಕಡಿಮೆಯಿದ್ದು, ಗಂಡುಹೆಣ್ಣಿನ ಸಾಕ್ಷರತೆಯ ಅಂತರ ರಾಷ್ಟ್ರೀಯ ಸರಾಸರಿಯನ್ನು ಮೀರಿದ್ದ ಹಿಂದುಳಿದ ತಾಲ್ಲೂಕುಗಳನ್ನು ಇದಕ್ಕೆ ಆರಿಸಲಾಯಿತು. ಆರರಿಂದ ಎಂಟನೆಯ ತರಗತಿಯವರೆಗೆ ಓದುವ 50ರಿಂದ 100 ಹುಡುಗಿಯರಿಗೆ ಒಂದು ಶಾಲೆ; ಸ್ಥಾನಗಳಲ್ಲಿ ಶೇ. 75 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನವರಿಗೆ. ಆರಂಭದಲ್ಲಿ ಒಬ್ಬ ಹುಡುಗಿಯ ತಿಂಗಳ ನಿರ್ವಹಣೆಗೆ ನಿಗದಿಯಾದ ಮೊತ್ತ 750 ರೂಪಾಯಿ. ಕರ್ನಾಟಕದಲ್ಲಿ ಇಂಥ ಕೆಲವು ಶಾಲೆಗಳನ್ನು ಮಹಿಳಾ ಸಮಖ್ಯಾವೇ ನಡೆಸಿತು. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಬಂದ ಮೇಲೆ ಹನ್ನೆರಡನೆಯ ತರಗತಿಯವರೆಗೂ ಇವನ್ನು ವಿಸ್ತರಿಸಲು ಅವಕಾಶವಾಯಿತು. 1944ರ ಫೆಬ್ರುವರಿ 22ರಂದು ಸೆರೆಯಲ್ಲಿಯೇ ಪ್ರಾಣಬಿಟ್ಟ, ಹೆಚ್ಚಿನ ಶಾಲಾವಿದ್ಯೆಯಿಲ್ಲದ ಕಸ್ತೂರಬಾ ಅವರ ಹೆಸರು ಈ ಶಾಲೆಗಳಿಗೆ ಬಂದದ್ದು ಉಚಿತವೇ ಆಗಿದೆ.

ದಿನಚರಿಯೆಂಬ ದಾಖಲೆ

ಐವತ್ತು ಹುಡುಗಿಯರ ಒಂದು ವಸತಿಶಾಲೆಯ ಕ್ಷೇಮವನ್ನು ಅರಿಯಲು ಅಂಕಪಟ್ಟಿಗಿಂತ ದಿನಚರಿ ಹೆಚ್ಚು ನೆರವಾಗುತ್ತದೆ. ಬೆಳಗಿನ ಮೊದಲ ಪ್ರಶ್ನೆ ನೀರಿನದು. ಐವತ್ತು ಮಂದಿ ಶಾಲೆಯ ಗಂಟೆಗೆ ಮೊದಲು ಶೌಚ, ಸ್ನಾನಗಳನ್ನು ಮುಗಿಸಬೇಕಾದರೆ ನಲ್ಲಿಗಳೆಷ್ಟು, ಬಾಗಿಲಿಗೆ ಚಿಲಕವಿರುವ ಸ್ನಾನದ ಮನೆಗಳೆಷ್ಟು ಎಂಬುದು ಮಾನದ ಪ್ರಶ್ನೆಯೂ ಹೌದು. ಎರಡನೆಯದು ತಲೆಗೂದಲಿನದು. ಒಬ್ಬಳ ತಲೆಯ ಹೇನು ವಾರದೊಳಗೆ ಇಡೀ ಕೋಣೆಗೆ ಹಬ್ಬುತ್ತದೆ. ಕೂದಲನ್ನು ಕತ್ತರಿಸಿಬಿಡುವುದು ಆಡಳಿತಕ್ಕೆ ಸುಲಭ, ಎಣ್ಣೆ ಹಚ್ಚಿ ಸೀರಣಿಗೆಯಿಂದ ಬಾಚಿ ಜಡೆ ಹೆಣೆಯುವುದು ಮನೆಯ ದಾರಿ. ಸಂಜೆ ಹಿರಿಯ ಹುಡುಗಿ ಕಿರಿಯಳ ತಲೆ ಬಾಚುವ ಪದ್ಧತಿಯಿರುವ ಶಾಲೆಯಲ್ಲಿ ಬಾಚಣಿಗೆಗಿಂತ ಹೆಚ್ಚಿನದೇನೋ ಕೈಯಿಂದ ಕೈಗೆ ಸಾಗುತ್ತದೆ. ಅಕ್ಕ ಎಂಬ ಸಂಬೋಧನೆಗೆ ಅಲ್ಲಿ ಅರ್ಥ ಬರುತ್ತದೆ.

ಮೂರನೆಯದು ಊಟ. ಐದನೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ನಾಲ್ಕನೆಯ ಸಮೀಕ್ಷೆಯಲ್ಲಿ ಅದು ಶೇ. 44.8 ಆಗಿತ್ತು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಬಾರಿ ಜಂತುಹುಳದ ಔಷಧ, 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಗಳನ್ನು ತಲುಪುತ್ತಿವೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಕರಿಕೆ ಬಂದು ಹುಡುಗಿಯರು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟವಾದ ಮೇಲೆ, ಎದುರಿಗೆ ಕುಳಿತು, ಯಾಕೆಂದು ಹೇಳಿ ಕೊಟ್ಟರೆ ನುಂಗುತ್ತಾರೆ. ಯೋಜನೆ ಎರಡೂ ಕಡೆ ಒಂದೇ. ಫಲ ನಿಂತಿರುವುದು ಕೊಡುವವರ ಮೇಲೆ. ಸೊಪ್ಪು, ಬೇಳೆ, ಮೊಟ್ಟೆಗಳಿಗೂ ಇದೇ ಮಾತು ಅನ್ವಯ. ಜೋಳದ ರೊಟ್ಟಿಯ ಸೀಮೆಯಿಂದ ಬಂದ ಮಗುವಿಗೆ ಮೂರು ಹೊತ್ತೂ ಅನ್ನವನ್ನೇ ಬಡಿಸಿದರೆ ತಟ್ಟೆಯಲ್ಲಿ ಉಳಿಯುವುದನ್ನು ಅಡುಗೆಯವರು ಬಲ್ಲರು, ಲೆಕ್ಕದ ಪುಸ್ತಕ ಅರಿಯದು.

ನಾಲ್ಕನೆಯದು ಮುಟ್ಟು. ಈ ಶಾಲೆಗಳಿಗೆ ಬರುವ ಹುಡುಗಿಯರಲ್ಲಿ ಬಹುಮಂದಿ ಮೈನೆರೆಯುವುದು ಅಲ್ಲಿಯೇ, ತಾಯಿ ಹತ್ತಿರವಿಲ್ಲದಾಗ. ಆ ದಿನ ವಾರ್ಡನ್ ಆಡುವ ಮೊದಲ ಮಾತನ್ನು ಆ ಹುಡುಗಿ ಬಹುಕಾಲ ಮರೆಯುವುದಿಲ್ಲ. 2013–14ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಶುಚಿ’ ಯೋಜನೆಯ ಸ್ಯಾನಿಟರಿ ಪ್ಯಾಡುಗಳು ಕೋವಿಡ್ ಕಾಲದಿಂದ ಕೆಲವು ವರ್ಷ ಬಾರದೆ 2024ರಲ್ಲಿ ಮತ್ತೆ ಆರಂಭವಾದವು. ಪೂರೈಕೆ ನಿಂತ ಆ ಅವಧಿಯಲ್ಲಿ ಹಗಲುಶಾಲೆಯ ಹುಡುಗಿಗೆ ತಾಯಿಯ ಹಳೆಯ ಸೀರೆಯಾದರೂ ಇತ್ತು; ವಸತಿಶಾಲೆಯ ಹುಡುಗಿಗೆ ಶಾಲೆಯ ಹೊರತು ಬೇರೆ ಕಡೆಯಿಲ್ಲ.

ಐದನೆಯದು ರಾತ್ರಿ. ಹೊಸದಾಗಿ ಬಂದವರ ಅಳು ಕೇಳಿಸುವುದು ದೀಪ ಆರಿದ ಮೇಲೆ. ಕಾವಲು, ಗೋಡೆ, ಬೀಗಗಳು ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಕಾಯಿದೆಯ ಅರಿವು ಸಿಬ್ಬಂದಿಗೆ ಇರಲೇಬೇಕು. ಆದರೆ ಗೋಡೆ ಎತ್ತರವಾದಷ್ಟಕ್ಕೂ ಕ್ಷೇಮ ಹೆಚ್ಚುತ್ತದೆಂದು ತಿಳಿಯುವುದು ತಪ್ಪು. ತನಗೆ ಆದದ್ದನ್ನು ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆ, ಹೇಳಿದರೆ ತನ್ನನ್ನೇ ಬೈಯುವುದಿಲ್ಲ ಎಂಬ ನಂಬಿಕೆ ಹುಡುಗಿಗಿದ್ದರೆ ಮಾತ್ರ ಗೋಡೆಗೆ ಬೆಲೆ.

ಗುಳೆಯ ದಾರಿ ಮತ್ತು ಉತ್ತರ ಬೆಂಗಳೂರು

ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಮಳೆಯಾಶ್ರಿತ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೊರಡುತ್ತಾರೆ. ಯಶವಂತಪುರದಲ್ಲಿ ಇಳಿದು ಹೆಬ್ಬಾಳ, ಯಲಹಂಕಗಳ ಕಟ್ಟಡ ಕೆಲಸಗಳತ್ತ ಸಾಗುವ ಕುಟುಂಬಗಳು ಈ ನಗರಕ್ಕೆ ಹೊಸವಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ನಗರ ಬೆಳೆದ ವೇಗದಲ್ಲಿ ಇವರ ದುಡಿಮೆಯ ಪಾಲು ದೊಡ್ಡದು. ಕುಟುಂಬದೊಂದಿಗೆ ಬಂದ ಹತ್ತು ಹನ್ನೆರಡರ ಹುಡುಗಿಗೆ ತಗಡಿನ ಶೆಡ್ಡಿನಲ್ಲಿ ಕಾದಿರುವ ಕೆಲಸ ಗೊತ್ತಿರುವುದೇ: ನೀರು ತರುವುದು, ಒಲೆ ಹಚ್ಚುವುದು, ಕೈಗೂಸನ್ನು ನೋಡಿಕೊಳ್ಳುವುದು. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತದೆ. ಇಲ್ಲಿನ ಶಾಲೆಗೆ ಅವಳು ಯಾರೂ ಅಲ್ಲ.

ಕಸ್ತೂರಬಾ ವಿದ್ಯಾಲಯದಂಥ ಒಂದು ಸಣ್ಣ ವಸತಿಶಾಲೆ ತಾಲ್ಲೂಕಿನಲ್ಲಿದ್ದರೆ ಅವಳು ಗುಳೆ ಹೋಗಬೇಕಿಲ್ಲ. ಉತ್ತರ ಬೆಂಗಳೂರಿನ ಎತ್ತರದ ಕಟ್ಟಡಗಳಿಗೂ ದೂರದ ಯಾದಗಿರಿಯ ಒಂದು ಹಾಸ್ಟೆಲ್ಲಿನ ಊಟದ ಮನೆಗೂ ಇರುವ ಸಂಬಂಧ ಇದು. ಆದರೆ ಆಯ್ಕೆಯ ತಕ್ಕಡಿಯನ್ನು ಹಿಡಿದಿರುವವರು ತಾಯಿತಂದೆ. ಮಗಳು ಹಾಸ್ಟೆಲ್ಲಿನಲ್ಲಿ ಸೊರಗಿದಳೆಂದೋ ಅಲ್ಲಿ ಕೇಳುವವರಿಲ್ಲವೆಂದೋ ಅನ್ನಿಸಿದರೆ ಅವರು ಅವಳನ್ನು ಜೊತೆಯಲ್ಲಿ ಕರೆದೊಯ್ಯುತ್ತಾರೆ, ಇಲ್ಲವೇ ಮದುವೆ ಮಾಡುತ್ತಾರೆ. ದಸರೆಗೋ ಉಗಾದಿಗೋ ಊರಿಗೆ ಹೋದ ಹುಡುಗಿ ಮರಳಿ ಬಾರದಿದ್ದರೆ ಅದನ್ನು ‘ಶಾಲೆ ಬಿಟ್ಟವಳು’ ಎಂದು ಬರೆದು ಪುಟ ತಿರುಗಿಸುವುದು ಸುಲಭ. ಆ ಒಂದು ಸಾಲಿನ ಹಿಂದೆ ಶಾಲೆಯ ಕ್ಷೇಮದ ಪರೀಕ್ಷೆ ನಡೆದು ಫಲಿತಾಂಶವೂ ಬಂದಿರುತ್ತದೆ. 2020ರ ಮಾರ್ಚ್‌ನಲ್ಲಿ ಎಲ್ಲ ವಸತಿಶಾಲೆಗಳೂ ಏಕಕಾಲಕ್ಕೆ ಮುಚ್ಚಿ ಮಕ್ಕಳು ಊರಿಗೆ ಮರಳಿದಾಗ, ಬಾಗಿಲು ಮತ್ತೆ ತೆರೆಯುವ ದಿನ ಹಾಸಿಗೆಗಳಲ್ಲಿ ಎಷ್ಟು ಖಾಲಿ ಉಳಿದವೆಂಬುದು ಮುಖ್ಯ ಪ್ರಶ್ನೆಯಾಯಿತು.

ಸಣ್ಣದರ ಬೆಲೆ

ಈ ಚರಿತ್ರೆಯಲ್ಲಿ ಸಂಖ್ಯೆಯ ಪಾಠವೊಂದಿದೆ. ಶಾರದಾ ಸದನದ ದಿನಗಳಲ್ಲಿ ಗೋದೂಬಾಯಿ ಹೆಸರಿದ್ದ ಒಬ್ಬಳು. ಕೇಡಗಾಂವಿನಲ್ಲಿ ಬರದ ಕಾಲದ ಬಾಲಿಕೆಯರು ನೂರುಗಟ್ಟಲೆಯಾದಾಗ ರಮಾಬಾಯಿಯಂಥ ಸಮರ್ಥೆಗೂ ಪ್ರತಿಯೊಬ್ಬಳನ್ನೂ ಹೆಸರು ಹಿಡಿದು ಬಲ್ಲೆನೆನ್ನುವುದು ಸುಲಭವಾಗಿರಲಾರದು. ಪ್ರಾಣ ಉಳಿಸುವ ಹೊತ್ತಿನಲ್ಲಿ ದೊಡ್ಡ ಸಂಖ್ಯೆ ಅನಿವಾರ್ಯ. ಬೆಳೆಸುವ ಹೊತ್ತಿನಲ್ಲಿ ಸಣ್ಣ ಸಂಖ್ಯೆಗೆ ತನ್ನದೇ ಶಕ್ತಿಯಿದೆ. ಮೂವತ್ತು ಮಂದಿಯಿರುವಲ್ಲಿ ಒಬ್ಬಳು ಊಟ ಬಿಟ್ಟರೆ ತಿಳಿಯುತ್ತದೆ, ಮುನ್ನೂರರಲ್ಲಿ ತಿಳಿಯುವುದಿಲ್ಲ. ಸಣ್ಣ ಶಾಲೆಗಳನ್ನು ಖರ್ಚಿನ ದೃಷ್ಟಿಯಿಂದ ಒಂದುಗೂಡಿಸಬೇಕೆಂಬ ವಾದ ಆಗಾಗ ಕೇಳಿಬರುತ್ತದೆ. ಕಟ್ಟಡ, ಪ್ರಯೋಗಾಲಯ, ಶಿಕ್ಷಕರ ದೃಷ್ಟಿಯಿಂದ ಅದರಲ್ಲಿ ಹುರುಳಿದೆ. ಆದರೆ ಹಾಗೆ ಕೂಡಿಸಿ ಕಳೆಯುವಾಗ ಯೋಗದ ಕಡೆಯ ಲಾಭವಷ್ಟೇ ಲೆಕ್ಕಕ್ಕೆ ಬರುತ್ತದೆ. ಕ್ಷೇಮದ ಕಡೆಯ ನಷ್ಟವನ್ನು ಬರೆಯಲು ನಮೂನೆಯಲ್ಲಿ ಅಂಕಣವೇ ಇರುವುದಿಲ್ಲ.

ಸ್ತ್ರೀಶಿಕ್ಷಣದ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಹಾಸನದ ಅನಾಥಾಲಯದಿಂದ ಕಸ್ತೂರಬಾ ವಿದ್ಯಾಲಯಗಳವರೆಗೆ ಸುಮಾರು ಒಂದೂವರೆ ಶತಮಾನದ ಹರಹಿನಲ್ಲಿ ಅಡುಗೆಮನೆಯ ದಾಸ್ತಾನು ಪುಸ್ತಕ, ಔಷಧದ ಲೆಕ್ಕ, ಹೋಗಿಬರುವವರ ವಹಿ, ಮಕ್ಕಳು ಮನೆಗೆ ಬರೆದ ಕಾಗದಗಳು ಹುಟ್ಟಿವೆ. ಉಳಿದಿರುವಷ್ಟನ್ನು ಗೆದ್ದಲು ತಿನ್ನುವ ಮೊದಲೇ ಓದಬೇಕು. ಮಹಿಳಾ ಶಿಕ್ಷಣ ಕೇಂದ್ರಗಳಲ್ಲಿ ಕಲಿತ ಮೊದಲ ತಂಡಗಳ ಹುಡುಗಿಯರು ಇಂದು ನಡುವಯಸ್ಸಿನ ಹೆಂಗಸರು. ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಇನ್ನೂ ಕಾಲವಿದೆ. ಏನು ಓದಿದಿರಿ ಎಂದು ಕೇಳುವ ಮೊದಲು ಏನು ಉಂಡಿರಿ, ಯಾರು ತಲೆ ಬಾಚಿದರು, ಜ್ವರ ಬಂದಾಗ ಹತ್ತಿರ ಕುಳಿತವರು ಯಾರು ಎಂದು ಕೇಳಿದರೆ, ಈ ಚರಿತ್ರೆಯ ಉಳಿದ ಪುಟಗಳನ್ನು ಅವರೇ ಹೇಳಿಯಾರು.